ಸುಟ್ಟ ಕೈಗೆ ಟೂತ್‌ಪೇಸ್ಟ್ ಬೇಡ, ನಲ್ಲಿ ನೀರು ಹಿಡೀರಿ

ಪುಣೆಯಲ್ಲಿ ನಾವಿಬ್ಬರೂ ಆಫೀಸಿಗೆ ಹೋದ ಮೇಲೆ ಹದಿಮೂರರ ಮಗ ಒಬ್ಬನೇ ಮ್ಯಾಗಿ ಮಾಡ್ಕೋತಾನೆ. ಕೂಗಿದರೆ ಬರೋಕೆ ಅಜ್ಜಿ ಪಕ್ಕದಲ್ಲಿಲ್ಲ. ಅದಕ್ಕೇ ಅವನಿಗೆ ಮೊದಲು ಕಲಿಸಿದ್ದು ಸುಟ್ಟಗಾಯದ ಉಪಚಾರ.

ಗ್ಯಾಸ್ ಆಫ್ ಮಾಡಿ, ಸುಟ್ಟ ಜಾಗವನ್ನು ತಕ್ಷಣ ಹರಿಯುವ ತಣ್ಣೀರಿಗೆ 20 ನಿಮಿಷ ಹಿಡಿಯಬೇಕು. ವಾಚ್, ಉಂಗುರ ಆಗಲೇ ತೆಗೀಬೇಕು, ಊದಿಕೊಂಡರೆ ಬರಲ್ಲ. ಎರಡೇ ನಿಮಿಷಕ್ಕೆ ಉರಿ ತಗ್ಗಿತು ಅಂತ ಮಕ್ಕಳು ನಲ್ಲಿ ನಿಲ್ಲಿಸ್ತಾರೆ. ಚರ್ಮದೊಳಗೆ ಬಿಸಿ ಇನ್ನೂ ಇರುತ್ತೆ, ಮೊಬೈಲಲ್ಲಿ ಟೈಮರ್ ಇಡಿಸಿ. ಚೆನ್ನೈ, ಹೈದರಾಬಾದಿನ ಮೇ ತಿಂಗಳ ಮಧ್ಯಾಹ್ನ ಟ್ಯಾಂಕಿನ ನೀರೇ ಕಾದಿರುತ್ತಲ್ಲ, ಆಗ ಕುಡಿಯೋ ಕ್ಯಾನ್ ನೀರನ್ನೇ ಸುರೀರಿ. ದುಡ್ಡು ನೋಡಬೇಡಿ.

ಐಸ್ ಇಟ್ಟರೆ ಚರ್ಮ ಇನ್ನಷ್ಟು ಹಾಳಾಗುತ್ತೆ. ಟೂತ್‌ಪೇಸ್ಟ್, ಅರಿಶಿನ, ಇಂಕು ಹಚ್ಚಿದರೆ ಗಾಯ ಎಷ್ಟು ಆಳ ಅಂತ ಡಾಕ್ಟರಿಗೆ ಕಾಣೋದೇ ಇಲ್ಲ (ಊರಿಂದ ಅಮ್ಮ ಫೋನಲ್ಲಿ ಏನೇ ಹೇಳಲಿ!). ಗುಳ್ಳೆ ಒಡೆಯಬಾರದು. ಶುಭ್ರ ಬಟ್ಟೆ ಸಡಿಲವಾಗಿ ಹೊದಿಸಿ.

ಗಾಯ ಮಗುವಿನ ಅಂಗೈಗಿಂತ ದೊಡ್ಡದಿದ್ದರೆ, ಮುಖ, ಕೈ, ಕೀಲಿನ ಮೇಲೆ ಗುಳ್ಳೆ ಎದ್ದರೆ ಆಸ್ಪತ್ರೆಗೇ ಹೋಗಬೇಕು. 112ಕ್ಕೆ ಫೋನ್ ಮಾಡಿ ಫ್ಲಾಟ್ ನಂಬರ್, ಹತ್ತಿರದ ಗುರುತು ಹೇಳೋಕೆ ಮಗನಿಗೆ ಮರಾಠಿಯಲ್ಲೇ ಅಭ್ಯಾಸ ಮಾಡಿಸಿದ್ದೀನಿ. ಅದೇ ಎರಡು ಸಾಲು ನಮ್ಮನೆ ಫ್ರಿಜ್ ಮೇಲೂ ಅಂಟಿಸಿದೆ.