ನೊಣ ಕಚ್ಚಿದರೆ ನಾಯಿಯ ಕಣ್ಣು ಹೋಗುತ್ತಾ?

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾದಾಗಿನಿಂದ ನಮ್ಮ ಶಿವಮೊಗ್ಗ ಜಿಲ್ಲೆಯವರಿಗೆ ಉಣ್ಣೆ ಅಂದ್ರೆ ಭಯ. ನಾಯಿಗೆ ಜ್ವರ ಬಂದರೂ ನಾವು ಮೊದಲು ಹುಡುಕೋದು ಉಣ್ಣೆಯನ್ನೇ. ಆದರೆ ಹೊಳಲೂರಿನಂಥ ಹೊಳೆದಂಡೆಯ ಊರಲ್ಲಿ ಕೊಟ್ಟಿಗೆ, ತೋಟ ಕಾಯುವ ನಾಯಿಗೆ ನೊಣದಿಂದಲೂ ಅಪಾಯವಿದೆ. ಆ ರೋಗದ ಹೆಸರು ಸರ್ರಾ.

ಇದನ್ನು ತರುವುದು ಟ್ರಿಪನೊಸೋಮಾ ಇವಾನ್ಸೈ ಎಂಬ ಏಕಕೋಶ ಪರಾವಲಂಬಿ. 1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯರು ಆಗಿನ ಪಂಜಾಬಿನ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ ಕುದುರೆ, ಒಂಟೆಗಳ ರಕ್ತದಲ್ಲಿ ಇದನ್ನು ಕಂಡರು.

ಇದು ಹರಡೋದು ಹೇಗೆ? ಮಲೇರಿಯಾದ ಪರಾವಲಂಬಿ ಸೊಳ್ಳೆಯ ದೇಹದಲ್ಲಿ ಕೆಲವು ದಿನ ಬೆಳೆದ ಮೇಲಷ್ಟೇ ಇನ್ನೊಬ್ಬರಿಗೆ ದಾಟುತ್ತೆ. ಸರ್ರಾ ಹಾಗಲ್ಲ. ದನ ಕಚ್ಚುವ ದೊಡ್ಡ ನೊಣ ರಕ್ತ ಹೀರುತ್ತಿರುವಾಗ ಎಮ್ಮೆ ಬಾಲ ಬೀಸುತ್ತೆ. ಹೊಟ್ಟೆ ತುಂಬದ ನೊಣ ಎದ್ದು, ಪಕ್ಕದಲ್ಲೇ ಮಲಗಿರುವ ನಾಯಿಯ ಮೇಲೆ ಕೂರುತ್ತೆ. ಅದರ ಬಾಯಿಗೆ ಅಂಟಿದ ಹಸಿ ರಕ್ತದ ಜೊತೆ ಪರಾವಲಂಬಿಯೂ ನಾಯಿಯೊಳಗೆ ಹೋಗುತ್ತೆ. ಅಂದ್ರೆ ನೊಣ ಇಲ್ಲಿ ತೊಳೆಯದ ಸಿರಿಂಜ್, ಅಷ್ಟೇ. ರಕ್ತ ಒಣಗಿದರೆ ಪರಾವಲಂಬಿ ಉಳಿಯಲ್ಲ. ಹಾಗಾಗಿ ದನಗಳಿಗೆ ಹತ್ತಿರ ಇರುವ ನಾಯಿಗೇ ಅಪಾಯ ಹೆಚ್ಚು. ಸೋಂಕಿರುವ ಪ್ರಾಣಿಯ ಹಸಿ ಮಾಂಸ ತಿಂದರೂ ನಾಯಿಗೆ ರೋಗ ಬರಬಹುದು.

ತೊಡಕು ಏನಂದ್ರೆ, ದನ ಎಮ್ಮೆಗಳಲ್ಲಿ ಎಷ್ಟೋ ಸಲ ಲಕ್ಷಣವೇ ಕಾಣಲ್ಲ. ನಾಯಿಗೆ ಮಾತ್ರ ಬಿಟ್ಟು ಬಿಟ್ಟು ಜ್ವರ, ರಕ್ತಹೀನತೆ, ಕಾಲು ಮುಖದಲ್ಲಿ ಊತ. ಕೆಲವು ನಾಯಿಗಳ ಕಣ್ಣು ನೀಲಿ ಬಿಳುಪಾಗಿ ಮಂಜಾಗುತ್ತೆ. 'ಎಲ್ಲೋ ಪೆಟ್ಟು ಬಿದ್ದಿರಬೇಕು' ಅಂತ ಬರೀ ಕಣ್ಣಿಗೆ ಡ್ರಾಪ್ಸ್ ಹಾಕುತ್ತಾ ಕೂತರೆ ನಾಯಿಯ ಜೀವವೇ ಹೋಗಬಹುದು.

ಪತ್ತೆಗೆ ರಕ್ತವನ್ನು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಆದರೆ ಪರಾವಲಂಬಿ ತನ್ನ ಹೊರಪದರದ ಪ್ರೋಟೀನ್ ಬದಲಿಸುತ್ತಾ ದೇಹದ ರಕ್ಷಣಾ ವ್ಯವಸ್ಥೆಗೆ ಸಿಗದೆ ತಪ್ಪಿಸಿಕೊಳ್ಳುತ್ತೆ. ರಕ್ತದಲ್ಲಿ ಅದರ ಸಂಖ್ಯೆ ಏರಿ ಇಳಿಯುತ್ತಿರುತ್ತೆ. ಆದ್ದರಿಂದ ಒಂದು ಸಲ ಸಿಗಲಿಲ್ಲ ಅಂದ ಮಾತ್ರಕ್ಕೆ ರೋಗ ಇಲ್ಲ ಅನ್ನೋ ಹಾಗಿಲ್ಲ. ಡೈಮಿನಜೀನ್‌ನಂಥ ಔಷಧಿಗಳಿವೆ, ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು. ಲಸಿಕೆ ಇಲ್ಲ. ಜಂತುಹುಳುವಿನ ಮಾತ್ರೆ ಇದಕ್ಕೆ ಕೆಲಸ ಮಾಡಲ್ಲ.

ಮನೆಯಲ್ಲಿ ಮಾಡಬಹುದಾದ್ದು ಸರಳ. ಈ ನೊಣಗಳು ಕಚ್ಚೋದು ಹಗಲಲ್ಲಿ, ಆಗ ನಾಯಿಯನ್ನು ಕೊಟ್ಟಿಗೆಯಿಂದ ದೂರ ಕಟ್ಟಿ. ಕೊಳೆತ ಹುಲ್ಲು, ಸಗಣಿ ಗುಡ್ಡೆಯಾಗಲು ಬಿಡಬೇಡಿ, ಕಚ್ಚುವ ಕೆಲವು ನೊಣಗಳು ಮೊಟ್ಟೆ ಇಡೋದು ಅಲ್ಲೇ. ನಾಯಿಯ ಕಣ್ಣು ಮಂಜಾದರೆ, ಜ್ವರ ಮರುಕಳಿಸಿದರೆ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಲ್ಲಿ 'ನಮ್ಮ ನಾಯಿ ದನಗಳ ಜೊತೆ ಇರುತ್ತೆ' ಅಂತ ಮರೆಯದೆ ಹೇಳಿ. ಯಾವ ಪರೀಕ್ಷೆ ಮಾಡಿಸಬೇಕು ಅಂತ ತೀರ್ಮಾನಿಸೋಕೆ ವೈದ್ಯರಿಗೆ ಆ ಒಂದು ಮಾತು ಸಹಾಯ ಮಾಡುತ್ತೆ.