ಅತಿಶೀತ ಪ್ರದೇಶಗಳ ಕುಬ್ಜ ಪೊದೆಗಳು: ಆಹಾರ ತಯಾರಿಕೆ ಮತ್ತು ಬೆಳವಣಿಗೆ

ಹಿಮಾಲಯದ ಯಾತ್ರೆ ಹಾಗೂ ಚಾರಣಕ್ಕೆ ಅನುಮತಿ ಕೋರುವ ನಾಗರಿಕರ ಮಾಹಿತಿಗಾಗಿ

1. ಪೀಠಿಕೆ

ಕರ್ನಾಟಕದಿಂದ ಪ್ರತಿ ವರ್ಷ ಅನೇಕ ನಾಗರಿಕರು ಕೇದಾರನಾಥ, ಬದರೀನಾಥ, ಹೇಮಕುಂಡ, ಹೂಗಳ ಕಣಿವೆ ಮೊದಲಾದ ಹಿಮಾಲಯದ ಎತ್ತರದ ಸ್ಥಳಗಳಿಗೆ ಯಾತ್ರೆ ಮತ್ತು ಚಾರಣಕ್ಕಾಗಿ ತೆರಳುತ್ತಾರೆ. 2020ರಿಂದ ಸ್ಥಗಿತಗೊಂಡಿದ್ದ ಕೈಲಾಸ ಮಾನಸ ಸರೋವರ ಯಾತ್ರೆಯು 2025ರಲ್ಲಿ ಪುನರಾರಂಭಗೊಂಡಿದೆ. ಇಂತಹ ಮಾರ್ಗಗಳಲ್ಲಿ ಮರಗಳ ಸಾಲು ಮುಗಿದ ನಂತರ ಮೊಣಕಾಲಿನೆತ್ತರವನ್ನೂ ಮೀರದ, ನೆಲಕ್ಕೆ ಅಂಟಿಕೊಂಡಂತೆ ಹರಡಿರುವ ಗಿಡಗಳು ಕಂಡುಬರುತ್ತವೆ. ಇವುಗಳನ್ನು ಕೇವಲ ಕುರುಚಲು ಎಂದು ಭಾವಿಸಿ ಚಳಿ ಕಾಯಿಸಲು ಕಿತ್ತು ಸುಡುವುದು, ಇವುಗಳ ಮೇಲೆ ಗುಡಾರ ಹೂಡುವುದು ಹಾಗೂ ಸುವಾಸನೆಗಾಗಿ ರೆಂಬೆಗಳನ್ನು ಮುರಿದು ತರುವುದು ಉಂಟು. ಆದರೆ ಕೈಬೆರಳಿನ ದಪ್ಪದ ಒಂದು ಕಾಂಡವು ಅದನ್ನು ಕೀಳುವ ವ್ಯಕ್ತಿಗಿಂತ ಹೆಚ್ಚು ವಯಸ್ಸಿನದ್ದಾಗಿರಬಹುದು. ಈ ಗಿಡಗಳು ಆಹಾರ ತಯಾರಿಸುವ ಮತ್ತು ಬೆಳೆಯುವ ಬಗೆಯನ್ನು ತಿಳಿದಲ್ಲಿ ಅವುಗಳ ರಕ್ಷಣೆಗಾಗಿ ರೂಪಿಸಿರುವ ನಿಯಮಗಳ ಉದ್ದೇಶವು ಸ್ಪಷ್ಟವಾಗುತ್ತದೆ.

2. ಕುಬ್ಜ ಪೊದೆ ಎಂದರೇನು?

ಗಟ್ಟಿಯಾದ, ಬಹುವಾರ್ಷಿಕ ಕಾಂಡವನ್ನು ಹೊಂದಿದ್ದು, ಸಾಮಾನ್ಯವಾಗಿ ಅರ್ಧ ಮೀಟರಿಗಿಂತ ಕಡಿಮೆ ಎತ್ತರಕ್ಕೆ ಬೆಳೆಯುವ ಸಸ್ಯಗಳನ್ನು ಕುಬ್ಜ ಪೊದೆಗಳೆಂದು ಕರೆಯಲಾಗುತ್ತದೆ. ಹಿಮಾಲಯದಲ್ಲಿ ಧೂಪಕ್ಕೆ ಬಳಕೆಯಾಗುವ ಹಾಗೂ ನೇಪಾಳದಲ್ಲಿ ಸುನ್‌ಪಾತಿ ಎಂದು ಹೆಸರಾದ ರೋಡೋಡೆಂಡ್ರಾನ್ ಆಂಥೋಪೋಗಾನ್, ಸುಮಾರು 5,800 ಮೀಟರ್ ಎತ್ತರದವರೆಗೂ ಬೆಳೆಯಬಲ್ಲ ರೋಡೋಡೆಂಡ್ರಾನ್ ನಿವೇಲ್, ಬಿಳಿ ಗಂಟೆಯಾಕಾರದ ಹೂ ಬಿಡುವ ಕ್ಯಾಸಿಯೋಪಿ, ನೆಲದ ಮೇಲೆ ಹರಡುವ ಜುನಿಪರ್ ಮತ್ತು ಕುಬ್ಜ ವಿಲ್ಲೋ ಇವು ಪ್ರಮುಖ ಉದಾಹರಣೆಗಳಾಗಿವೆ. ನೀಲಗಿರಿ ಬೆಟ್ಟಗಳ ಶೋಲಾ ಕಾಡುಗಳಲ್ಲಿ ಕೆಂಪು ಹೂ ಬಿಡುವ ರೋಡೋಡೆಂಡ್ರಾನ್ ಮರವು ಇದೇ ಕುಲಕ್ಕೆ ಸೇರಿದೆ. ದಕ್ಷಿಣದಲ್ಲಿ ಮರವಾಗಿ ಬೆಳೆಯುವ ಕುಲದ ಸಸ್ಯವೇ ಹಿಮದ ಅಂಚಿನಲ್ಲಿ ಗೇಣುದ್ದದ ಪೊದೆಯಾಗಿ ಉಳಿದಿದೆ.

3. ಗಿಡ್ಡತನದ ಪ್ರಯೋಜನ

ಎತ್ತರ ಹೆಚ್ಚಿದಂತೆ ಪ್ರತಿ 1,000 ಮೀಟರಿಗೆ ವಾಯುವಿನ ಉಷ್ಣತೆಯು ಸುಮಾರು 6 ಡಿಗ್ರಿ ಸೆಲ್ಷಿಯಸ್‌ನಷ್ಟು ಇಳಿಯುತ್ತದೆ. ಎತ್ತರದ ಮರದ ಎಲೆಗಳು ಬೀಸುವ ಗಾಳಿಯಲ್ಲಿದ್ದು, ಸುತ್ತಲಿನ ವಾಯುವಿನಷ್ಟೇ ತಣ್ಣಗಿರುತ್ತವೆ. ಆದರೆ ನೆಲದ ಸಮೀಪ ಗಾಳಿಯ ವೇಗ ಕಡಿಮೆ. ಒತ್ತಾಗಿ ಹೆಣೆದುಕೊಂಡ ರೆಂಬೆಗಳ ನಡುವೆ ಬಿಸಿಲಿನ ಶಾಖವು ಉಳಿದುಕೊಳ್ಳುತ್ತದೆ. ಬಿಸಿಲಿರುವ ದಿನದಂದು ಇಂತಹ ಪೊದೆಯ ಎಲೆಗಳ ಉಷ್ಣತೆಯು ಮೇಲಿನ ವಾಯುವಿನ ಉಷ್ಣತೆಗಿಂತ 10 ಡಿಗ್ರಿಗೂ ಅಧಿಕವಾಗಿರಬಹುದು. ಹೀಗಾಗಿ ಗಿಡ್ಡವಾಗಿರುವುದು ದೌರ್ಬಲ್ಯದ ಲಕ್ಷಣವಲ್ಲ. ಅದು ಶಾಖವನ್ನು ಗಳಿಸುವ ವಿಧಾನವಾಗಿದೆ. ಪೊದೆಯನ್ನು ತುಳಿದು ಅದರ ಹೆಣಿಗೆಯನ್ನು ಮುರಿದಾಗ ಈ ಶಾಖದ ಆಸರೆಯೂ ನಾಶವಾಗುತ್ತದೆ.

4. ಶೀತದಲ್ಲಿ ದ್ಯುತಿಸಂಶ್ಲೇಷಣೆ

ಎಲ್ಲ ಹಸಿರು ಸಸ್ಯಗಳಂತೆ ಈ ಪೊದೆಗಳೂ ಸೂರ್ಯನ ಬೆಳಕಿನ ಸಹಾಯದಿಂದ ನೀರು ಮತ್ತು ಇಂಗಾಲದ ಡೈಆಕ್ಸೈಡನ್ನು ಬಳಸಿ ಶರ್ಕರವನ್ನು ತಯಾರಿಸುತ್ತವೆ. 4,000 ಮೀಟರ್ ಎತ್ತರದಲ್ಲಿ ವಾಯುವಿನ ಒತ್ತಡವು ಸಮುದ್ರಮಟ್ಟದಲ್ಲಿರುವುದರ ಸುಮಾರು ಶೇಕಡ 60ರಷ್ಟು ಮಾತ್ರ ಇರುವುದರಿಂದ ಎಲೆಗೆ ದೊರೆಯುವ ಇಂಗಾಲದ ಡೈಆಕ್ಸೈಡಿನ ಒತ್ತಡವೂ ಅದೇ ಪ್ರಮಾಣದಲ್ಲಿ ಕಡಿಮೆಯಾಗಿರುತ್ತದೆ. ಇದರ ಜೊತೆಗೆ, ಮುಂಗಾರಿನ ತಿಂಗಳುಗಳಲ್ಲಿ ಮೋಡ ಮತ್ತು ಮಂಜು ಬೆಳಕನ್ನು ತಡೆಯುತ್ತವೆ.

ಆದಾಗ್ಯೂ ಈ ಸಸ್ಯಗಳ ಎಲೆಗಳು ಶೂನ್ಯ ಡಿಗ್ರಿಯ ಸಮೀಪದಲ್ಲಿಯೂ ಅಲ್ಪ ಪ್ರಮಾಣದಲ್ಲಿ ಆಹಾರ ತಯಾರಿಸಬಲ್ಲವು. ಸುಮಾರು 5 ಡಿಗ್ರಿಯಲ್ಲಿ ಶೀತ ಪ್ರದೇಶದ ಅನೇಕ ಸಸ್ಯಗಳು ತಮ್ಮ ಗರಿಷ್ಠ ಸಾಮರ್ಥ್ಯದ ಅರ್ಧದಷ್ಟಾದರೂ ಶರ್ಕರವನ್ನು ಉತ್ಪಾದಿಸುತ್ತವೆ.

ಶೀತದಲ್ಲಿ ಅತಿಯಾದ ಬೆಳಕೂ ಅಪಾಯಕಾರಿ. ಕೊರೆಯುವ ಮುಂಜಾನೆಯಲ್ಲಿ ಪ್ರಖರ ಬಿಸಿಲು ಬಿದ್ದಾಗ ಎಲೆಯು ಬೆಳಕನ್ನು ಹೀರುತ್ತದೆ, ಆದರೆ ಕಿಣ್ವಗಳು ಅದೇ ವೇಗದಲ್ಲಿ ಕೆಲಸ ಮಾಡಲಾರವು. ಬಳಕೆಯಾಗದ ಶಕ್ತಿಯಿಂದ ಎಲೆಯ ಒಳರಚನೆಗೆ ಹಾನಿಯಾಗದಂತೆ ಎಲೆಯಲ್ಲಿರುವ ಹಳದಿ ವರ್ಣದ್ರವ್ಯಗಳು ಅದನ್ನು ಶಾಖರೂಪದಲ್ಲಿ ಹೊರಹಾಕಲು ನೆರವಾಗುತ್ತವೆ.

5. ಬೆಳವಣಿಗೆ ನಿಧಾನವಾಗಲು ಕಾರಣಗಳು

ಆಹಾರ ತಯಾರಾದರೂ ಬೆಳವಣಿಗೆ ನಿಧಾನವಾಗುವುದೇಕೆ ಎಂಬ ಪ್ರಶ್ನೆ ಸಹಜ. ಶರ್ಕರ ತಯಾರಿಕೆ ಮತ್ತು ಹೊಸ ಅಂಗಾಂಶಗಳ ರಚನೆ ಎರಡು ಪ್ರತ್ಯೇಕ ಕ್ರಿಯೆಗಳಾಗಿವೆ. ಉಷ್ಣತೆಯು ಸುಮಾರು 5 ಡಿಗ್ರಿಗಿಂತ ಕೆಳಗಿಳಿದಾಗ ಜೀವಕೋಶಗಳ ವಿಭಜನೆ ಮತ್ತು ಹೊಸ ಕಾಷ್ಠದ ರಚನೆ ಬಹುಮಟ್ಟಿಗೆ ನಿಂತುಹೋಗುತ್ತವೆ. ಅಂದರೆ ಕಟ್ಟಡದ ಸಾಮಗ್ರಿ ಸಂಗ್ರಹವಿದ್ದರೂ ಕಟ್ಟುವ ಕೆಲಸ ಸಾಗದಂತಹ ಸ್ಥಿತಿ ಉಂಟಾಗುತ್ತದೆ. ಮರಗಳು ಒಂದು ಎತ್ತರದ ನಂತರ ಬೆಳೆಯದಿರಲು ಇದೇ ಮುಖ್ಯ ಕಾರಣವೆಂದು ವಿಜ್ಞಾನಿಗಳು ಅಭಿಪ್ರಾಯಪಡುತ್ತಾರೆ.

ಎರಡನೆಯದಾಗಿ, ತಣ್ಣನೆಯ ಮಣ್ಣಿನಲ್ಲಿ ಎಲೆಕಸ ಬಹಳ ನಿಧಾನವಾಗಿ ಕೊಳೆಯುವುದರಿಂದ ಸಾರಜನಕದ ಕೊರತೆ ಇರುತ್ತದೆ. ರೋಡೋಡೆಂಡ್ರಾನ್ ಮತ್ತು ಕ್ಯಾಸಿಯೋಪಿಗಳ ಬೇರುಗಳಲ್ಲಿ ವಾಸಿಸುವ ಶಿಲೀಂಧ್ರಗಳು ಕೊಳೆಯದ ಸಾವಯವ ವಸ್ತುವಿನಿಂದಲೂ ಸಾರಜನಕವನ್ನು ಬಿಡಿಸಿ ಗಿಡಕ್ಕೆ ಒದಗಿಸುತ್ತವೆ. ಪ್ರತಿಯಾಗಿ ಶರ್ಕರವನ್ನು ಪಡೆಯುತ್ತವೆ. ಈ ಸಸ್ಯಗಳು ದುಬಾರಿಯಾದ ಎಲೆಗಳನ್ನು ಪ್ರತಿ ವರ್ಷ ಉದುರಿಸದೆ ಒಂದಕ್ಕಿಂತ ಹೆಚ್ಚು ಋತುಗಳಲ್ಲಿ ಬಳಸುತ್ತವೆ. ಕುಬ್ಜ ವಿಲ್ಲೋ ಮಾತ್ರ ಎಲೆ ಉದುರಿಸಿ, ಬೇರು ಮತ್ತು ಕಾಂಡದಲ್ಲಿ ಕೂಡಿಟ್ಟ ಆಹಾರದಿಂದ ಹಿಮ ಕರಗಿದೊಡನೆ ಹೊಸದಾಗಿ ಚಿಗುರುತ್ತದೆ.

ಮೂರನೆಯದಾಗಿ, ಹಿಮ ಕರಗಿದ ನಂತರದ ಕೆಲವೇ ತಿಂಗಳುಗಳು ಬೆಳವಣಿಗೆಗೆ ಲಭ್ಯವಿರುತ್ತವೆ. ಟಿಬೆಟ್ ಮತ್ತು ನೇಪಾಳದಲ್ಲಿ ಪೊದೆಗಳ ಕಾಂಡದ ವಾರ್ಷಿಕ ಬೆಳವಣಿಗೆಯನ್ನು ಅಳೆದು ನಡೆಸಿದ ಅಧ್ಯಯನಗಳು, ಬೇಸಿಗೆಯ ಆರಂಭದಲ್ಲಿ ತೇವಾಂಶ ಕೊರತೆಯಾದ ವರ್ಷಗಳಲ್ಲಿ ಬೆಳವಣಿಗೆ ಕುಂಠಿತವಾಗುವುದನ್ನು ತೋರಿಸಿವೆ. ಚಳಿಯ ಜೊತೆಗೆ ಬರವೂ ಈ ಗಿಡಗಳನ್ನು ಬಾಧಿಸುತ್ತದೆ.

6. ಹಿಮದ ಹೊದಿಕೆ

ಚಳಿಗಾಲದಲ್ಲಿ ಹಿಮವು ಈ ಗಿಡಗಳಿಗೆ ಕಂಬಳಿಯಂತೆ ರಕ್ಷಣೆ ನೀಡುತ್ತದೆ. ಮೇಲಿನ ವಾಯು ಕೊರೆಯುತ್ತಿದ್ದರೂ ಆಳವಾದ ಹಿಮದ ಕೆಳಗೆ ಉಷ್ಣತೆಯು ಅಷ್ಟಾಗಿ ಇಳಿಯುವುದಿಲ್ಲ. ಹಿಮದಿಂದ ಹೊರಚಾಚಿದ ರೆಂಬೆಗಳಾದರೋ ಬಿಸಿಲು ಗಾಳಿಗಳಿಗೆ ನೀರನ್ನು ಕಳೆದುಕೊಳ್ಳುತ್ತವೆ. ಹೆಪ್ಪುಗಟ್ಟಿದ ಮಣ್ಣಿನಿಂದ ಬೇರುಗಳು ಅದನ್ನು ತುಂಬಿಕೊಡಲಾರವು. ಅಕಾಲದಲ್ಲಿ ಹಿಮ ಕರಗಿದರೂ ಇದೇ ಅಪಾಯ ಉಂಟಾಗುತ್ತದೆ. 2007ರ ಡಿಸೆಂಬರ್‌ನಲ್ಲಿ ಉತ್ತರ ಸ್ಕ್ಯಾಂಡಿನೇವಿಯಾದಲ್ಲಿ ಕೆಲವು ದಿನಗಳ ಅಕಾಲಿಕ ಉಷ್ಣದಿಂದ ಹಿಮ ಕರಗಿ, ಬಳಿಕ ಚಳಿ ಮರಳಿದಾಗ, ಮುಂದಿನ ಬೇಸಿಗೆಯಲ್ಲಿ ವಿಸ್ತಾರವಾದ ಪ್ರದೇಶದ ಕುಬ್ಜ ಪೊದೆಗಳು ಒಣಗಿರುವುದು ಕಂಡುಬಂದಿತು.

7. ಹವಾಮಾನ ಬದಲಾವಣೆಯ ಪರಿಣಾಮ

ಅಲಾಸ್ಕಾದ ಹಳೆಯ ವೈಮಾನಿಕ ಛಾಯಾಚಿತ್ರಗಳನ್ನು ಹೊಸ ಚಿತ್ರಗಳೊಡನೆ ಹೋಲಿಸಿ 2001ರಲ್ಲಿ ಪ್ರಕಟವಾದ ಅಧ್ಯಯನವು ಪೊದೆಗಳ ವಿಸ್ತರಣೆಯನ್ನು ದಾಖಲಿಸಿತು. 1993ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಆಧರಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವು ಎವರೆಸ್ಟ್ ಸುತ್ತಲಿನ ಪ್ರದೇಶವೂ ಸೇರಿದಂತೆ ಹಿಮಾಲಯದ ಎತ್ತರದ ವಲಯದಲ್ಲಿ ಸಸ್ಯಾವರಣ ಹೆಚ್ಚಿರುವುದನ್ನು ತಿಳಿಸಿದೆ. ಆದರೆ ಒಂದೆಡೆ ಹಸಿರು ಹೆಚ್ಚಿದ ಮಾತ್ರಕ್ಕೆ ಇನ್ನೊಂದೆಡೆ ಕಿತ್ತುಹಾಕಿದ ಗಿಡದ ನಷ್ಟ ತುಂಬುವುದಿಲ್ಲ. ಇಳಿಜಾರಿನ ತೆಳುವಾದ ಮಣ್ಣನ್ನು ಹಿಡಿದಿಟ್ಟಿರುವುದು ಇವೇ ಬೇರುಗಳು. ಬೇರು ಹೋದಲ್ಲಿ ಮಳೆಗೆ ಮಣ್ಣು ಕೊಚ್ಚಿಹೋಗುತ್ತದೆ. ಮಣ್ಣು ಹೋದಲ್ಲಿ ಹೊಸ ಸಸಿ ನೆಲೆಯೂರುವುದು ದುಸ್ತರವಾಗುತ್ತದೆ.

8. ಅರ್ಜಿದಾರರು ಗಮನಿಸಬೇಕಾದ ಅಂಶಗಳು

(ಅ) ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಅನ್ವಯ ಪ್ರವಾಸಿಗರು ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳನ್ನು ಪ್ರವೇಶಿಸಲು ಅನುಮತಿ ಅಗತ್ಯ. ಪ್ರವೇಶದ ಅನುಮತಿಯು ಗಿಡಗಳನ್ನು ಕೀಳುವ ಅಥವಾ ಸಂಗ್ರಹಿಸುವ ಅನುಮತಿಯಲ್ಲ.

(ಆ) ಉತ್ತರಾಖಂಡದ ಹೂಗಳ ಕಣಿವೆ ರಾಷ್ಟ್ರೀಯ ಉದ್ಯಾನವು 2005ರಿಂದ ವಿಶ್ವ ಪರಂಪರೆಯ ತಾಣದ ಭಾಗವಾಗಿದೆ. ಅಲ್ಲಿ ಹಗಲಿನಲ್ಲಿ ಮಾತ್ರ ಪ್ರವೇಶವಿದ್ದು, ಒಳಗೆ ತಂಗಲು ಅವಕಾಶವಿಲ್ಲ.

(ಇ) ಚಾರಣಿಗರು ಅಡುಗೆಗೆ ಅನಿಲ ಅಥವಾ ಸೀಮೆಎಣ್ಣೆಯ ಒಲೆಯನ್ನು, ಚಳಿಗೆ ಸಾಕಷ್ಟು ಬೆಚ್ಚನೆಯ ಉಡುಪನ್ನು ಒಯ್ಯತಕ್ಕದ್ದು. ಸ್ಥಳೀಯ ಗಿಡಗಳನ್ನು ಉರುವಲಾಗಿ ಬಳಸಬಾರದು.

(ಈ) ಗುರುತಿಸಿದ ಕಾಲುದಾರಿಯಲ್ಲಿಯೇ ನಡೆಯುವುದು. ಗುಡಾರವನ್ನು ನಿಗದಿತ ಸ್ಥಳಗಳಲ್ಲಿ ಮಾತ್ರ ಹೂಡುವುದು.

(ಉ) ಧೂಪದ ಎಲೆ, ಹೂವು ಅಥವಾ ಬೇರನ್ನು ನೆನಪಿನ ಕಾಣಿಕೆಯಾಗಿ ತರಬಾರದು.

ಹಿಮಾಲಯದ ಪೊದೆಯೊಂದು ಅರ್ಧ ಗಂಟೆಯ ಬೆಂಕಿಗೆ ಸಾಲುವಷ್ಟು ಕಾಷ್ಠವನ್ನು ಕೂಡಿಸಲು ಹಲವು ದಶಕಗಳೇ ಬೇಕಾಗುತ್ತವೆ. ಪ್ರವಾಸ ಕೈಗೊಳ್ಳುವ ಮುನ್ನ ಆಯಾ ರಾಜ್ಯದ ಅರಣ್ಯ ಇಲಾಖೆಯ ನಿಯಮಗಳನ್ನು ತಿಳಿದುಕೊಂಡು ಪಾಲಿಸುವಂತೆ ನಾಗರಿಕರನ್ನು ಕೋರಲಾಗಿದೆ.