ಟ್ರಿಗರ್ ಒತ್ತಿದ್ರೂ ಗುಂಡು ಹಾರಲಿಲ್ಲ, ಯಾಕ? ಪ್ರೈಮರ್ ಎಂಬ ಪುಟ್ಟ ಬಟ್ಟಲಿನ ಕಥೆ

ಯಡ್ರಾಮಿಯಿಂದ ಮಾತಾಡಕತ್ತೀನಿ, ಇಯರ್‌ಫೋನ್ ಹಾಕ್ಕೊಂಡು ಆರಾಮ ಕೂತು ಕೇಳ್ರಿ.

ಯೂಟ್ಯೂಬ್‌ನಾಗ ಅಮೆರಿಕದ ವಿಡಿಯೋ ನೋಡಿರ್ತೀರಿ. ಮನೆಯ ಗ್ಯಾರೇಜಿನಾಗ ಒಂದು ಪ್ರೆಸ್. ಹ್ಯಾಂಡಲ್ ಒತ್ತಿದಂಗ ಒತ್ತಿದಂಗ ಹಾರಿಸಿದ ಖಾಲಿ ತೋಟಾ ಮತ್ತ ಹೊಸ ತೋಟಾ ಆಗಿ ಹೊರಗ ಬರ್ತದ. ಇದಕ್ಕ ರೀಲೋಡಿಂಗ್ ಅಂತಾರ. ಅಲ್ಲಿಯವರು ಪದೇ ಪದೇ ಹೇಳೋ ದೂರು ಒಂದು: ಪ್ರೈಮರ್ ಸರಿಯಾಗಿ ಕೂಡವಲ್ದು. ಹಂಗಂದ್ರ ಏನು? ನಮ್ಮ ಕಡೆ ಯಾರಾದ್ರೂ ಇದನ್ನ ಮಾಡಬಹುದಾ?

ಎರಡನೇ ಪ್ರಶ್ನೆಗೆ ಮೊದಲು ಉತ್ತರ: ಲೈಸೆನ್ಸ್ ಇಲ್ಲದೆ ಮಾಡಬಾರದು. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ‘ಮದ್ದುಗುಂಡು’ ಅನ್ನೋ ಪದಕ್ಕ ಕೊಟ್ಟ ಅರ್ಥ ಬಹಳ ಅಗಲ ಅದ. ತೋಟಾದ ಬಿಡಿಭಾಗವೂ ಮದ್ದುಗುಂಡು, ಅದನ್ನ ತಯಾರಿಸೋ ಯಂತ್ರವೂ ಮದ್ದುಗುಂಡು. ಅಂದ್ರ ಪ್ರೆಸ್ ತಾನೇ ಕಾನೂನಿನೊಳಗ ಬರ್ತದ. ತಯಾರಿಕೆಗೆ ಸೆಕ್ಷನ್ 5ರ ಪ್ರಕಾರ ಪ್ರತ್ಯೇಕ ಲೈಸೆನ್ಸ್ ಬೇಕು. ಇಲ್ಲಾಂದ್ರ 2019ರ ತಿದ್ದುಪಡಿ ಆದ ಮ್ಯಾಲೆ ಶಿಕ್ಷೆ ಕನಿಷ್ಠ 7 ವರ್ಷ, ಜೀವಾವಧಿ ತನಕ ಹೋಗಬಹುದು. ‘ನಮ್ಮಪ್ಪಗ ಗನ್ ಲೈಸೆನ್ಸ್ ಅದ’ ಅಂತೀರಾ? ಅದು ಬಂದೂಕು ಇಟ್ಟುಕೊಳ್ಳೋ ಲೈಸೆನ್ಸ್, ತೋಟಾ ತಯಾರಿಸೋ ಲೈಸೆನ್ಸ್ ಅಲ್ಲ. ಕೊಡವರಿಗೆ ಕೋವಿ ಇಟ್ಟುಕೊಳ್ಳೋಕೆ 2029ರ ತನಕ ಲೈಸೆನ್ಸಿನಿಂದ ವಿನಾಯಿತಿ ಅದ. ಆದ್ರ ಅದೂ ಇಟ್ಟುಕೊಳ್ಳೋಕೆ, ತಯಾರಿಸೋಕೆ ಅಲ್ಲ. ನಾ ಬಿ.ಕಾಂ ಓದಿದವ, ಲೆಕ್ಕ ಹಾಕಿ ಹೇಳ್ತೀನಿ: ಉಳಿಯೋದು ಕೆಲವು ರೂಪಾಯಿ, ಪಣಕ್ಕಿಡೋದು 7 ವರ್ಷ.

ಹಂಗಿದ್ರ ಇದನ್ನ ಯಾಕ ತಿಳ್ಕೊಬೇಕು? ಯಾಕಂದ್ರ ನಮ್ಮ ಹಳ್ಳಿಗಳಾಗ ಲೈಸೆನ್ಸ್ ಇರೋ ಬಂದೂಕು ಅದಾವ. ಹಾರದ ತೋಟಾವನ್ನ ಹೆಂಗ ನೋಡ್ಕೋಬೇಕು ಅನ್ನೋದು ಜೀವದ ಪ್ರಶ್ನೆ.

ಪ್ರೈಮರ್ ಅಂದ್ರ ಏನು?

ದೀಪಾವಳಿಯಾಗ ಆಟದ ಪಿಸ್ತೂಲಿಗೆ ಕೆಂಪು ರೀಲ್ ಹಾಕಿ ಹೊಡೀತಿದ್ವಿ, ನೆನಪದ ಅಲ್ಲ? ರೀಲ್ ಸರಿಯಾಗಿ ಕೂತ್ರ ‘ಟಪ್’. ಸ್ವಲ್ಪ ಸರಿದ್ರ ಬರೇ ‘ಟಕ್’. ಪ್ರೈಮರ್ ಕಥೆಯೂ ಹೆಚ್ಚುಕಮ್ಮಿ ಇಷ್ಟ.

ತೋಟಾದ ಹಿಂಭಾಗದ ನಡುವ ಒಂದು ಪುಟ್ಟ ಲೋಹದ ಬಟ್ಟಲು ಇರ್ತದ. ಅದರೊಳಗ ಪೆಟ್ಟಿಗೆ ಸಿಡಿಯೋ ರಾಸಾಯನಿಕ, ಅದರ ಬೆನ್ನಿಗೆ ಒಂದು ಸಣ್ಣ ಅಡಿಗಲ್ಲು. ಕಮ್ಮಾರನ ಅಡಿಗಲ್ಲು ಇದ್ದಂಗ. ಬಂದೂಕಿನ ಸೂಜಿ ಬಟ್ಟಲಿಗೆ ಬಡಿದಾಗ ರಾಸಾಯನಿಕ ಸೂಜಿಗೂ ಅಡಿಗಲ್ಲಿಗೂ ನಡುವ ನಜ್ಜುಗುಜ್ಜಾಗಿ ಸಿಡೀತದ. ಕಿಡಿ ಒಳಗಿನ ತೂತಿನಿಂದ ಹೋಗಿ ಮದ್ದಿಗೆ ಬೆಂಕಿ ಹಚ್ಚತದ.

ಪೆಟ್ಟಿನಿಂದ ಕಿಡಿ ಹುಟ್ಟಿಸೋ ಈ ಉಪಾಯಕ್ಕ 1807ರಲ್ಲಿ ಪೇಟೆಂಟ್ ತಗೊಂಡವರು ಅಲೆಕ್ಸಾಂಡರ್ ಫಾರ್ಸೈತ್, ಸ್ಕಾಟ್ಲೆಂಡಿನ ಒಬ್ಬ ಪಾದ್ರಿ. ಮುಂದ 1860ರ ದಶಕದಾಗ ಎರಡು ಮಾದರಿ ಬಂದವು: ಅಮೆರಿಕದ ಬರ್ಡನ್, ಇಂಗ್ಲೆಂಡಿನ ಬಾಕ್ಸರ್. ಬಾಕ್ಸರ್ ಮಾದರಿಯಾಗ ಅಡಿಗಲ್ಲು ಪ್ರೈಮರಿನೊಳಗೇ ಇರ್ತದ, ಬರ್ಡನ್‌ದರಾಗ ತೋಟಾದ ಕವಚದಾಗ. ಮಜಾ ನೋಡ್ರಿ, ಇಂಗ್ಲೆಂಡಿನವನ ಮಾದರಿ ಅಮೆರಿಕದಾಗ ಗೆದ್ದಿತು, ಅಮೆರಿಕದವನದು ಯುರೋಪಿನಾಗ. ಮನೆಯಲ್ಲಿ ರೀಲೋಡ್ ಮಾಡೋರು ಬಳಸೋದು ಹೆಚ್ಚಾಗಿ ಬಾಕ್ಸರ್.

ಕೂಡೋದರಾಗ ಏನು ತಪ್ಪತದ?

ಸರಿಯಾಗಿ ಕೂತ ಪ್ರೈಮರ್ ತೋಟಾದ ತಳಕ್ಕಿಂತ ಒಂದು ಕೂದಲೆಳೆಯಷ್ಟು ಒಳಗಿರಬೇಕು. ಸುಮಾರು 0.08ರಿಂದ 0.13 ಮಿಲಿಮೀಟರ್, ಅಷ್ಟ. ಅಡಿಗಲ್ಲಿನ ಕಾಲು ಕುಳಿಯ ತಳಕ್ಕ ಮುಟ್ಟಿರಬೇಕು.

ಒಂದನೇ ತಪ್ಪು, ಪ್ರೈಮರ್ ಮ್ಯಾಲೆ ಉಳಿಯೋದು. ಹತ್ತಿ ಗಂಟಿನ ಮ್ಯಾಲೆ ಮೊಳೆ ಇಟ್ಟು ಬಡಿದಂಗ ಆಗ್ತದ. ಸೂಜಿಯ ಪೆಟ್ಟೆಲ್ಲ ಪ್ರೈಮರನ್ನ ಒಳಗ ತಳ್ಳೋದಕ್ಕೇ ಖರ್ಚಾಗಿ, ಸಿಡಿಸೋಕೆ ಬಲ ಉಳಿಯಲ್ಲ. ಎರಡನೇ ಪೆಟ್ಟಿಗೆ ಹಾರಿತು ಅಂದ್ರ ಮೊದಲ ಅನುಮಾನ ಇದರ ಮ್ಯಾಲೇ. ಇನ್ನೂ ಕೆಟ್ಟದ್ದು ಏನಂದ್ರ, ತಾನಾಗಿ ಲೋಡ್ ಆಗೋ ಬಂದೂಕಿನಾಗ ಉಬ್ಬಿದ ಪ್ರೈಮರಿಗೆ ಬೋಲ್ಟ್ ಬಡಿದ್ರ ಟ್ರಿಗರ್ ಮುಟ್ಟದೇ ಗುಂಡು ಹಾರಬಹುದು.

ಪ್ರೈಮರ್ ಮ್ಯಾಲೆ ಉಳಿಯೋಕೆ ಕಾರಣ ಸಾಕಷ್ಟು. ಕುಳಿಯೊಳಗ ಹಳೇ ಮಸಿ ಗಟ್ಟಿಯಾಗಿರ್ತದ. ಮಿಲಿಟರಿ ತೋಟಾ ಆಗಿದ್ರ ಕುಳಿಯ ಅಂಚು ಒಳಗ ಒತ್ತಿರ್ತಾರ, ಅದನ್ನ ತೆಗೆಯದೇ ಹೊಸದು ಕೂಡಲ್ಲ. ಪ್ರೆಸ್ಸಿನಾಗ ತೋಟಾ ಹಿಡಿಯೋ ಭಾಗ ಸಡಿಲಾಗಿದ್ರ, ಒತ್ತೋ ಕಡ್ಡಿಗೆ ಕಸ ಹತ್ತಿದ್ರ ಪ್ರೈಮರ್ ಓರೆಯಾಗ್ತದ. ಅಳತೆ ಅದಲುಬದಲಾದ್ರೂ ಅಷ್ಟ: ಸಣ್ಣದು 4.45 ಮಿ.ಮೀ., ದೊಡ್ಡದು 5.33 ಮಿ.ಮೀ.

ಎರಡನೇದು, ಜಾಸ್ತಿ ಒತ್ತೋದು. ಹ್ಯಾಂಡಲ್ ಉದ್ದ ಇದ್ದಷ್ಟು ಬಲ ಜಾಸ್ತಿ, ಕೈಗೆ ತಿಳಿಯೋದು ಕಡಿಮಿ. ಅದಕ್ಕ ಕೆಲವರು ಈ ಕೆಲಸ ಮಾತ್ರ ಕೈಯಾಗ ಹಿಡಿಯೋ ಸಣ್ಣ ಉಪಕರಣದಿಂದ ಮಾಡ್ತಾರ. ಸಾಲಾಗಿ ಪ್ರೈಮರ್ ತುಂಬಿದ ಕೊಳವೆ ಇರೋ ಪ್ರೆಸ್ಸಿನಾಗ ಒಂದು ಸಿಡಿದ್ರ ಉಳಿದವೂ ಸಿಡಿಯಬಹುದು. ಸಿಕ್ಕಿಹಾಕ್ಕೊಂಡ್ರ ಬಲ ಹಾಕಬಾರದು ಅನ್ನೋದು ಇದಕ್ಕ.

ಮೂರನೇದು, ಕುಳಿಯೇ ಸಡಿಲಾಗೋದು. ಮತ್ತ ಮತ್ತ ಹಾರಿಸಿ ಹಿಗ್ಗಿದ ಕವಚಕ್ಕ ಔಷಧ ಇಲ್ಲ, ಬಿಸಾಕಬೇಕು.

ಈ ಕೂದಲೆಳೆ ಲೆಕ್ಕವನ್ನ ಕಾರ್ಖಾನೆಯಾಗ ತೋಟಾ ತೋಟಾಕ್ಕೂ ಕಾಯಬೇಕು. ಕಲಬುರಗಿಯಿಂದ ಮುಂಬೈ ರೈಲು ಹತ್ತಿದ್ರ ಪುಣೆ ದಾಟಿದ ಕೂಡಲೇ ಖಡ್ಕಿ ಬರ್ತದ. ಅಲ್ಲಿಯ ಮದ್ದುಗುಂಡು ಕಾರ್ಖಾನೆ 1869ರದ್ದು.

ಹಾರದ ತೋಟಾ ಸಿಕ್ರ

ಮನ್ಯಾಗ ಲೈಸೆನ್ಸ್ ಬಂದೂಕು ಇದ್ದೋರು ಇದನ್ನ ಹಿರಿಯರಿಗೂ ಕೇಳಿಸ್ರಿ. ಟ್ರಿಗರ್ ಒತ್ತಿದ್ರೂ ಹಾರಲಿಲ್ಲ ಅಂದ್ರ ಕೂಡಲೇ ಬಂದೂಕು ತೆರೀಬ್ಯಾಡ್ರಿ. ನಳಿಗೆಯೊಳಗ ಇಣುಕಿ ನೋಡಬ್ಯಾಡ್ರಿ. ಕೆಲವೊಮ್ಮೆ ಕಿಡಿ ನಿಧಾನ ಹತ್ತಿ ತಡವಾಗಿ ಹಾರ್ತದ. ನಳಿಗೆ ಸುರಕ್ಷಿತ ದಿಕ್ಕಿಗೇ ಇಟ್ಟು ಕನಿಷ್ಠ 30 ಸೆಕೆಂಡ್ ಕಾಯ್ರಿ, ಆಮೇಲೆ ತೆಗೀರಿ.

ತೆಗೆದ ಮ್ಯಾಲೆ ಪ್ರೈಮರಿನ ಗುರುತು ನೋಡ್ರಿ. ಸೂಜಿಯ ಕುಳಿ ಆಳವಾಗಿ ನಡುವೇ ಬಿದ್ದಿದ್ರ ತಪ್ಪು ತೋಟಾದ್ದಿರಬಹುದು, ಎಣ್ಣಿ ಅಥವಾ ತಂಪು ತಗುಲಿ ಪ್ರೈಮರ್ ಸತ್ತಿರ್ತದ. ಕುಳಿ ತೆಳುವಾಗಿದ್ರ ಬಂದೂಕಿನ ಸ್ಪ್ರಿಂಗ್, ಸೂಜಿ ತೋರಿಸಬೇಕು, ಅದೂ ಲೈಸೆನ್ಸ್ ಇರೋ ರಿಪೇರಿಯವರ ಹತ್ರ. ಆ ತೋಟಾ ಬಿಚ್ಚೋದು, ಸುಡೋದು, ಹೊಲದಾಗ ಎಸೆಯೋದು ಮಾಡಬ್ಯಾಡ್ರಿ. ಹುಡುಗರ ಕೈಗೆ ಸಿಕ್ಕು ಕಲ್ಲಿನಿಂದ ಜಜ್ಜಿದ್ರ ಆ ಸತ್ತ ತೋಟಾ ಎಚ್ಚರಾಗಬಹುದು. ಕೊಂಡ ಅಂಗಡಿಯವರನ್ನ, ಇಲ್ಲಾಂದ್ರ ಪೊಲೀಸ್ ಠಾಣೆಯನ್ನ ಕೇಳಿ ಒಪ್ಪಿಸ್ರಿ.

ಇವತ್ತಿಗೆ ಇಷ್ಟ. ಮನ್ಯಾಗ ಬಂದೂಕು ಇರೋ ಗೆಳೆಯರಿಗೆ ಈ ಸಂಚಿಕೆ ಕಳಿಸ್ರಿ. ಮುಂದಿನ ವಾರ ಸಿಗೋಣ, ಬರ್ತೀನ್ರಿ.